ಯಕೋಬ ಯಾರ ಮಗ

ಮಾರ್ಚ್ 3, ಬೆಳಗ್ಗೆ

ಚರ್ಚಿನಲ್ಲಿ ಪೂಜೆ ಮುಗಿಸಿ ಬಂದರೆ ಮೇಜಿನ ಮೇಲೆ ಇನ್ನೊಂದು ಹಸ್ತಪ್ರತಿ. ಬಿಷಪ್ ಆಫೀಸಿನಿಂದ. ಅಚ್ಚಿಗೆ ಹೋಗುವ ಮೊದಲು ಓದಿ, ಆಕ್ಷೇಪವಿದ್ದರೆ ಬರೆಯಬೇಕು. ಒಂಬತ್ತು ವರ್ಷದಿಂದ ಇದೇ ಕೆಲಸ. ಬರೆದವನ ಹೆಸರು ನನಗೆ ತಿಳಿಯಬಾರದು, ನನ್ನದು ಅವನಿಗೆ. ನಿಯಮ.

ಎರಡನೇ ಪುಟಕ್ಕೇ ಗೊತ್ತಾಯಿತು. ತಂಗಿಯ ಗಂಡ! ಸೆಮಿನರಿ ಮೇಷ್ಟ್ರು. ಯೇಸುವಿನ ಸಹೋದರ ಯಕೋಬ ಕೂಡ ತಾಯಿ ಮರಿಯಳ ಹೊಟ್ಟೆಯಲ್ಲೇ ಹುಟ್ಟಿದವನು ಅಂತ ವಾದ. ಊಟಕ್ಕೆ ಕೂತಾಗಲೆಲ್ಲ ಇದೇ ಕೊರೆತ. ನಮ್ಮ ಸಭೆ ಹೇಳುವುದು ಬೇರೆ — ಅವನು ಹತ್ತಿರದ ನೆಂಟ, ಸಹೋದರ ಅನ್ನುವುದು ರೂಢಿಯ ಮಾತು. ಬರೆದವನು ಯಾರೆಂದು ತಿಳಿದ ಮೇಲೆ ಹಸ್ತಪ್ರತಿ ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ... ಒಂದು ಸಲವಾದರೂ ಅವನ ಬಾಯಿ ಮುಚ್ಚಿಸುವ ಆಸೆ.

ಮಾರ್ಚ್ 5

ಘಾಟಿ ಆಸಾಮಿ. ಚಿಕ್ಕಪ್ಪ, ಚಿಕ್ಕಮ್ಮಂದಿರ ಮಗ ಅನ್ನಲು ಗ್ರೀಕಿನಲ್ಲಿ ಬೇರೆ ಪದ ಇತ್ತಲ್ಲ, ಸಂತ ಪೌಲ ತನ್ನ ಪತ್ರದಲ್ಲಿ ಅದನ್ನು ಬಿಟ್ಟು 'ಪ್ರಭುವಿನ ಸಹೋದರ' ಅಂತ ಯಾಕೆ ಬರೆದ? ಇದು ಮೇಷ್ಟ್ರ ಪಟ್ಟು. ಮರಿಯಳ ಗಂಡ ಜೋಸೆಫನ ಮೊದಲ ಹೆಂಡತಿಯ ಮಗ ಅನ್ನುವ ಹಳೇ ಕಥೆ ತೆಗೆದರೆ ನಕ್ಕುಬಿಡುತ್ತಾನೆ. ಉತ್ತರ ಬರೆಯಹೋಗಿ ಮೂರು ಹಾಳೆ ಹರಿದೆ.

ಮಾರ್ಚ್ 6, ಬೆಳಗ್ಗೆ ಹನ್ನೊಂದು ಗಂಟೆ

ಹೊಳೆಯಿತು! ಒಂದೇ ಉಸಿರಿಗೆ ಬರೆದೆ. ನಾಲ್ಕನೇ ಪುಟದಲ್ಲಿ ನನ್ನ ಮನೆಯನ್ನೇ ಇಟ್ಟೆ. 'ನನ್ನ ತಂಗಿ ಚಿಕ್ಕಮ್ಮನ ಮಗಳು. ಮದುವೆಯಾಗದ ಚಿಕ್ಕಮ್ಮ ಹೆತ್ತ ಹನ್ನೊಂದು ದಿನದ ಕೂಸನ್ನು ಅಮ್ಮ ತಂದು ಸಾಕಿದಳು. ಅವಳು ನನ್ನನ್ನು ಅಣ್ಣ ಅನ್ನುವುದು ಸುಳ್ಳೇ?'

ತಂಗಿಗೆ ಇದು ಗೊತ್ತಿಲ್ಲ. ಹೇಳಬಾರದೆಂದು ಅಮ್ಮ ಸಾಯುವಾಗ ಆಣೆ ಹಾಕಿಸಿಕೊಂಡಿದ್ದಳು. ಆದರೆ ಹೆಸರಿಲ್ಲದ ವರದಿ, ಯಾರಿಗೆ ತಿಳಿಯುತ್ತದೆ? ಈಗ ಉತ್ತರ ಕೊಡಲಿ ಮೇಷ್ಟ್ರು! ಈಗಲೇ ಹೋಗಿ ಆಫೀಸಿಗೆ ಕೊಟ್ಟು ಬರುತ್ತೇನೆ.

ಮಾರ್ಚ್ 7

ಆಫೀಸಿಗೆ ಹೋಗಿದ್ದೆ. ಗುಮಾಸ್ತರನ್ನು ಕೇಳಿದೆ, ವರದಿ ಟೈಪ್ ಆಯಿತೇ ಅಂತ.

"ಟೈಪಿಸ್ಟ್ ರಜೆ, ಫಾದರ್. ನೀವು ಬರೆದಿದ್ದನ್ನೇ ಜೆರಾಕ್ಸ್ ಮಾಡಿ ಲೇಖಕರಿಗೆ ನಿನ್ನೆನೇ ಪೋಸ್ಟ್ ಮಾಡ್ಬಿಟ್ಟೆ. ಹೆದರ್ಬೇಡಿ, ನಿಮ್ಮ ಹೆಸರಿರೋ ತುದಿ ಕತ್ತರಿಸಿದ್ದೀನಿ."

ಹೆಸರು ಕತ್ತರಿಸಿದರು — ಕೈಬರಹ? ತಂಗಿ ಹಾಸ್ಟೆಲಿನಲ್ಲಿದ್ದ ಆರು ವರ್ಷ ವಾರಕ್ಕೊಂದು ಕಾಗದ ಬರೆದವನು ನಾನು. ಗಂಡನ ಟಪಾಲನ್ನೆಲ್ಲ ಒಡೆಯುವವಳೂ ಅವಳೇ.

ಮಾರ್ಚ್ 8, ಹತ್ತೂವರೆ

ಫೋನ್ ಮಾಡಿದೆ. ಅವಳೇ ಎತ್ತಿದಳು.

"ಅವ್ರು ಊರಲ್ಲಿಲ್ಲ, ಮಂಗಳವಾರ ಬರ್ತಾರೆ. ಯಾಕೆ, ಮತ್ತೆ ಯಕೋಬನ ಜಗಳಾನಾ?" ನಗು ಬೇರೆ.

ಟಪಾಲು ಬಂತಾ ಅಂದೆ.

"ಪೋಸ್ಟ್‌ಮ್ಯಾನ್ ಇನ್ನೂ ಬಂದಿಲ್ಲ. ಯಾಕಣ್ಣ, ಏನಾದ್ರೂ ಕಳಿಸಿದ್ದೀಯಾ?"

ಏನಿಲ್ಲ ಅಂದೆ. ಹೇಡಿ. ಬಂದ ಲಕೋಟೆ ಒಡೆಯಬೇಡ ಅನ್ನಲೂ ಇಲ್ಲ. ಅಂದಿದ್ದರೆ ಮೊದಲು ಅದನ್ನೇ ಒಡೆಯುತ್ತಿದ್ದಳು.

ಮಾರ್ಚ್ 12, ಮಧ್ಯಾಹ್ನ

ತಂಗಿ ಬಂದು ಹೋದಳು. ಕೂರಲಿಲ್ಲ. ಅಳಲೂ ಇಲ್ಲ. ನಾಲ್ಕನೇ ಪುಟ ಮಾತ್ರ ತಂದಿದ್ದಳು. ತಪ್ಪಾಯಿತು ಅಂದೆ. ಅಮ್ಮನ ಆಣೆಯ ವಿಷಯ ಹೇಳಿದೆ.

"ಅದು ಬಿಡು. ಸಾಕಿದವಳೇ ನನ್ನಮ್ಮ, ಅದ್ರಲ್ಲೇನೂ ಗೊಂದಲ ಇಲ್ಲ. ಹೋದ ವರ್ಷ ಚಿಕ್ಕಮ್ಮ ತೀರಿಕೊಂಡ ದಿನ ನಿನಗೆ ಫೋನ್ ಮಾಡಿದ್ದೆ. ಮಗಳಿಗೆ ಪರೀಕ್ಷೆ ಇದೆ, ಮಣ್ಣಿಗೆ ಬರ್ಲೇಬೇಕಾ ಅಂತ ಕೇಳಿದ್ದೆ. ಏನಂದೆ ನೀನು? ನಿನ್ನ ಬಾಯಲ್ಲೇ ಹೇಳು."

ಹೇಳಲಾಗಲಿಲ್ಲ. ಆ ಪುಟ ಮೇಜಿನ ಮೇಲಿಟ್ಟು ಹೊರಟುಹೋದಳು.

ಇಲ್ಲಾದರೂ ಬರೆಯಬೇಕು. ನಾನು ಅಂದದ್ದು — ಬರದಿದ್ರೂ ನಡೆಯುತ್ತೆ ಬಿಡು, ಬರೀ ಚಿಕ್ಕಮ್ಮ ತಾನೇ, ಸ್ವಂತ...