ಆನೆ ಏಳುವ ಆಟ

ಅಪ್ಪಾ,

ನೀವು ಹೋಗಿ ಎಂಟು ವರ್ಷವಾಯಿತು, ಆದರೂ ಇದನ್ನು ನಿಮಗೇ ಹೇಳಬೇಕು. ನನ್ನ ಬೆನ್ನಿನ ಡಿಸ್ಕ್ ಜಾರಿದೆಯಂತೆ. ಮೊದಲು ಮಾತ್ರೆ, ವ್ಯಾಯಾಮ, ಅದಕ್ಕೂ ನೋವು ಕಡಿಮೆಯಾಗದಿದ್ದರೆ ಇಂಜೆಕ್ಷನ್, ಆಪರೇಷನ್ ಕೊನೆಗೆ ಎಂದರು ಡಾಕ್ಟರು.

ಇವತ್ತು ವ್ಯಾಯಾಮ ಕಲಿಸುವಾಕೆ, "ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ಮೊಣಕೈ ಊರಿ ಏಳ್ಬೇಕು" ಎಂದರು. ಒಂದೇ ಸಲಕ್ಕೆ ಎದ್ದು ಕೂತೆ.

"ಅರೆ, ಸರಿಯಾಗಿ ಮಾಡಿದ್ರಲ್ಲ. ಯಾರು ಕಲಿಸಿದ್ದು?"

ಪ್ರೆಸ್ಸಿನಲ್ಲಿ ಕಾಗದದ ಬಂಡಲ್ ಹೊರುತ್ತಿದ್ದ ನೀವು ದಿನಾ ಬೆಳಿಗ್ಗೆ ಹೀಗೇ ಏಳುತ್ತಿದ್ದಿರಿ. ನೆಂಟರು ಬಂದಾಗಲೆಲ್ಲ ನಾನು, "ಆನೆ ಏಳ್ತಾ ಇದೆ, ದಾರಿ ಬಿಡಿ" ಎಂದು ಅದನ್ನೇ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನೀವೂ ಸೊಂಟ ಹಿಡಿದುಕೊಂಡು ನಗುತ್ತಿದ್ದಿರಿ. ನಗು ತಡೆಯಲಾರದೆ ಹಿಡಿದುಕೊಂಡಿದ್ದೀರಿ ಅಂದುಕೊಂಡಿದ್ದೆ.