ಹಸಿರು ಗೆರೆಯ ಕೆಳಗೆ

ಅಪ್ಪಾ,

ಇವತ್ತು ಬೆಳಿಗ್ಗೆ ನಿಮ್ಮ ಹೃದಯ ಮಿಡಿಯುವುದನ್ನು ನೋಡಿದೆ. ಹೃದಯದ ಗೋಡೆ ಎಲ್ಲಿ ಎಷ್ಟು ಅಲುಗುತ್ತದೆಂದು ಅಳೆಯುವ ಹೊಸ ಪ್ರೋಗ್ರಾಂ ಬಂದಿದೆ. ಅದರ ಪರೀಕ್ಷೆಗೆ ಹಳೆಯ ಸ್ಕ್ಯಾನ್‌ಗಳನ್ನು ತೆರೆದಿದ್ದೆವು. ಹೆಸರು ಅಳಿಸಿದ್ದರೂ ತಾರೀಕು ಕಂಡ ಕೂಡಲೇ ಗೊತ್ತಾಯಿತು, ನಾನು ಕೆಲಸ ಮಾಡುವ ಈ ಸ್ಕ್ಯಾನ್ ಕೋಣೆಗೆ ನಾನೇ ನಿಮ್ಮನ್ನು ಕರೆತಂದಿದ್ದ ದಿನ.

ಒಂದೇ ಬಡಿತದ ಮೂವತ್ತು ಚಿತ್ರಗಳು. ಮುಗಿದರೆ ಮತ್ತೆ ಮೊದಲಿನಿಂದ. ಆ ಹೃದಯ ನಿಂತು ನೀವು ಹೋಗಿ ಎರಡು ವರ್ಷವಾಯಿತೆಂದು ಆ ಪರದೆಗೆ ಯಾರೂ ಹೇಳಿಲ್ಲ.

ಪ್ರೋಗ್ರಾಂ ಗೋಡೆ ಅಲುಗುವಲ್ಲೆಲ್ಲ ಪುಟ್ಟ ಬಾಣಗಳನ್ನು ಬರೆಯಿತು. ಕೆಳಗಿನ ಒಂದು ಮೂಲೆಯಲ್ಲಿ ಮಾತ್ರ ಒಂದೂ ಇಲ್ಲ. ಅಲ್ಲಿ, ಗೋಡೆಯ ಅಂಚು ತೋರಿಸಲು ಅಂದು ನಾನು ಒಂದೊಂದು ಚಿತ್ರದ ಮೇಲೂ ಕೈಯಾರೆ ಎಳೆದಿದ್ದ ಹಸಿರು ಗೆರೆ ಒಳಗೂ ಹೊರಗೂ ಆಡುತ್ತಲೇ ಇತ್ತು. ಅದರಡಿಯ ಗೋಡೆ ಮಿಸುಕುತ್ತಿರಲಿಲ್ಲ.

"ಚಿತ್ರ ಮಸುಕಾಗಿದೆ ಅಂತ ಪಕ್ಕದ ಭಾಗದ ಗೆರೆ ನೋಡ್ಕೊಂಡು ಅಂದಾಜಲ್ಲಿ ಎಳೆದುಬಿಟ್ಟಿದಾರೆ," ಅಂದರು ಡಾಕ್ಟರು. ಅಂದು ಆ ಗೆರೆ ನೋಡಿಯೇ ನಿಮಗೆ ಏನೂ ತೊಂದರೆಯಿಲ್ಲ ಎಂದು ಬರೆದುಕೊಟ್ಟವರು ಅವರೇ. "ಯಾರಮ್ಮ ಇದನ್ನ ಮಾಡಿದ್ದು?"

"ಗೊತ್ತಿಲ್ಲ ಸಾರ್," ಅಂದೆ.

ಎಲ್ಲರೂ ಊಟಕ್ಕೆ ಎದ್ದರು. ಪರದೆ ಆರಿಸಲು ನನಗೆ ಕೈ ಬರಲಿಲ್ಲ.

ಅಂದು ನೀವು ಇದೇ ಬಾಗಿಲಲ್ಲಿ ನಿಂತು, "ಬೇಗ ಮುಗಿಸಮ್ಮ, ಬಸ್ಸು ಹೋಗ್ಬಿಡತ್ತೆ" ಅಂದಿರಿ.

ಬೇಗ ಮುಗಿಸಿದೆ. ಬಸ್ಸು ಸಿಕ್ಕಿತು, ಅಪ್ಪಾ.