ಗುಡ್ಡದ ಮೇಲೆ ಯಾರೂ ಬರುವುದಿಲ್ಲ ಎಂದವಳು ನಾನೇ

ಕೊಲ್ಹಾಪುರದ ಅಕ್ಷಯ ಇಂಧನ ಯೋಜನಾಧಿಕಾರಿಗಳೇ,

ಮಾನ್ಯರೇ, ಮುರಗೂಡದ ಹತ್ತಿರದ ನಮ್ಮ ಗುಡ್ಡದ ಸುತ್ತ ಬೇಲಿ ಹಾಕಲು ಹೊರಟಿದ್ದೀರಿ. ‘ಈ ಗುಡ್ಡವನ್ನು ಯಾರೂ ಬಳಸುತ್ತಿಲ್ಲ’ ಎಂದು ನಿಮ್ಮ ವರದಿ ಹೇಳುತ್ತದಂತೆ. ವರದಿ ತಪ್ಪು. ಆ ತಪ್ಪು ಮಾಹಿತಿ ಕೊಟ್ಟವಳು ನಾನು! ತಿದ್ದಿರೆಂದು ಮರಾಠಿಯಲ್ಲಿ ಮೂರು ಅರ್ಜಿ ಕೊಟ್ಟೆ, ಉತ್ತರವಿಲ್ಲ. ಆದ್ದರಿಂದ ಈಗ ಕನ್ನಡ ಪತ್ರಿಕೆಯ ಓದುಗರೆದುರೇ ತಪ್ಪೊಪ್ಪಿಕೊಳ್ಳುತ್ತೇನೆ.

ನಿಮ್ಮ ಯೋಜನೆ ನನಗೆ ವಿಪರೀತ ಇಷ್ಟ. ಮಧ್ಯಾಹ್ನ ಮಿಕ್ಕ ಸೌರ ವಿದ್ಯುತ್ತಿನಿಂದ, ನೀರಿಗಿಂತ ಎರಡೂವರೆ ಪಟ್ಟು ಭಾರದ ದ್ರವವನ್ನು ಗುಡ್ಡದ ಮೇಲಿನ ಟ್ಯಾಂಕಿಗೆ ಏರಿಸುವುದು. ಸಂಜೆ ಕೆಳಗಿಳಿಸಿ ಟರ್ಬೈನ್ ತಿರುಗಿಸುವುದು. ದ್ರವ ಭಾರವಿದ್ದರೆ ಎತ್ತರ ಕಡಿಮೆಯಿದ್ದರೂ ನಡೆಯುತ್ತದೆ, ಸಹ್ಯಾದ್ರಿಯೇ ಬೇಕಿಲ್ಲ. ಎಂಥ ಚೆಂದದ ಯೋಚನೆ! ಇಚಲಕರಂಜಿಯ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಠೀವಿಯಿಂದ ಅತ್ತೆ ತಾರವ್ವನಿಗೆ ಇದನ್ನೆಲ್ಲ ವಿವರಿಸಿದೆ. ಅವರು ರೊಟ್ಟಿ ಬಡಿಯುತ್ತಲೇ ಅಂದರು: “ಹಗಲೆಲ್ಲಾ ಮ್ಯಾಲ ಏರಸೂದು, ಹೊತ್ತ ಮುಳಗೂದ್ರಾಗ ಕೆಳಗ ಇಳಸೂದು, ಇಷ್ಟ ಹೌದಲ್ಲೊ? ನಮ್ಮ ಕುರಿ ದಿನಾ ಇದನ್ನ ಮಾಡತಾವ. ಅದಕ್ಕ್ಯಾಕವಾ ಬೇಲಿ?”

ನಿಮ್ಮ ಸಮೀಕ್ಷಕರು ಬಂದದ್ದು ಶ್ರಾವಣದಲ್ಲಿ. ಜಡಿಮಳೆಯಲ್ಲಿ ನಿಂತರೆ ಕುರಿಗಳ ಗೊರಸು ಕೊಳೆಯುತ್ತದೆಂದು ಮಾವ ತಾನಾಜಿ ಮಳೆಗಾಲಕ್ಕೆ ಹಿಂಡನ್ನು ಪೂರ್ವದ ಬಯಲಿಗೆ ಹೊಡೆದುಕೊಂಡು ಹೋಗುತ್ತಾರೆ. ದೀಪಾವಳಿಯ ನಂತರ ಮರಳಿದರೆ, ಬೇಸಿಗೆ ಮುಗಿಯುವವರೆಗೆ ಮುನ್ನೂರು ಕುರಿಗಳಿಗೂ ಆ ಗುಡ್ಡದ್ದೇ ಮೇವು. ಮದುವೆಯಾಗಿ ಇಪ್ಪತ್ತೇ ದಿನವಾಗಿದ್ದ ನನಗೆ ಇದೆಲ್ಲ ಎಲ್ಲಿ ಗೊತ್ತು? ಅಂದು ನಾನೂ ನನ್ನ ಗಂಡ ದೀಪಕನೂ ಹಿಟ್ಟಿನ ಗಿರಣಿಗೆಂದು ಹೇಳಿ ಗುಡ್ಡ ಹತ್ತಿದ್ದೆವು. ಸಮೀಕ್ಷಕರನ್ನು ಕಂಡ ಕೂಡಲೇ ದೀಪಕ, ಭಜಿ ಪೊಟ್ಟಣದ ಸಮೇತ, ಬಂಡೆಯ ಹಿಂದೆ ಮಾಯವಾದ.

“ವೈನಿ, ಇಲ್ಲಿ ಯಾರರ ಬರತಾರೇನ್ರಿ?”

“ಇಲ್ರಿ ಸಾಹೇಬ್ರ, ಒಂದ ನರಪಿಳ್ಳೆನೂ ಬರಂಗಿಲ್ರಿ!”

ಬಂಡೆ ಕೆಮ್ಮಿತು. ಅವರು ಬರೆದುಕೊಂಡು ಹೋದರು.

ಹೊಸ ಸೊಸೆಯೊಬ್ಬಳು ನಾಚಿ ಆಡಿದ ಒಂದು ಮಾತನ್ನು ‘ಸಾಮಾಜಿಕ ಪರಿಣಾಮ ಅಧ್ಯಯನ’ ಎಂದು ಕರೆಯಲು ನಿಮಗೆ ಧೈರ್ಯವಾದರೂ ಹೇಗೆ ಬಂತು? ಊರಿನಲ್ಲಿ ಇನ್ನೊಬ್ಬರನ್ನು ಕೇಳಿದ್ದರೆ ಪೆನ್ನಿನ ಶಾಯಿ ಮುಗಿಯುತ್ತಿತ್ತೇ? ಕೆಮ್ಮುವ ಬಂಡೆಯನ್ನಾದರೂ ವಿಚಾರಿಸಬಹುದಿತ್ತು.

ಗುಡ್ಡ ಹೋದರೆ ಹಿಂಡನ್ನೇ ಮಾರಬೇಕಾಗುತ್ತದೆ ಎಂದು ಮಾವ ಫೋನಿನಲ್ಲಿ ಅನ್ನುತ್ತಿದ್ದಾರೆ. ಆದ್ದರಿಂದ ಟ್ಯಾಂಕು ಧಾರಾಳವಾಗಿ ಕಟ್ಟಿ, ಆದರೆ ಬೇಲಿ ಟ್ಯಾಂಕಿನ ಸುತ್ತಷ್ಟೇ ಇರಲಿ. ದೀಪಾವಳಿಯ ನಂತರ ಮತ್ತೆ ಬನ್ನಿ, ತಾರವ್ವನನ್ನು ಕೇಳಿ ಬರೆದುಕೊಳ್ಳಿ. ‘ಯಾರೂ ಬರುವುದಿಲ್ಲ’ ಎಂದ ಹರಕುಬಾಯಿ ಯಾರದೆಂದು ಅವರು ಇನ್ನೂ ಹುಡುಕುತ್ತಿದ್ದಾರೆ. ಈ ಪತ್ರ ಅಚ್ಚಾಗುವ ಭಾನುವಾರ, ಪಕ್ಕದ ಮನೆಯ ಮೋನಾಲಿ ಎಂದಿನಂತೆ ಅವರಿಗೆ ಪತ್ರಿಕೆ ಓದಿ ಹೇಳುತ್ತಾಳೆ. ನನ್ನ ಪಾಲಿನದನ್ನು ನಾನು ಅನುಭವಿಸುತ್ತೇನೆ. ನೀವು ಗುಡ್ಡ ಬಿಡಿ.

ಇಂತಿ,
ಶನಿವಾರದವರೆಗೆ ಒಳ್ಳೆಯ ಸೊಸೆಯಾಗಿದ್ದ
ಮಯೂರಿ